ಅಪ್ಪ ಹದ್ದೋ, ಮರಳಿಲಿಯೋ

ಪ್ರತಿ ಮನೆಯಲ್ಲೂ ಜಗತ್ತನ್ನು ಎರಡೇ ಭಾಗ ಮಾಡಿ ನೋಡುವವರು ಒಬ್ಬರಾದರೂ ಇರುತ್ತಾರೆ. ನನ್ನ ಮಾವನವರಿಗೆ ಮನುಷ್ಯರಲ್ಲಿ ಫ್ಯಾನ್ ಆರಿಸಿ ಹೊರಗೆ ಹೋಗುವವರು, ಆರಿಸದೆ ಹೋಗುವವರು ಎಂದು ಎರಡೇ ಬಗೆ. ನನ್ನ ಮೇಲಧಿಕಾರಿಗೆ ಫೈಲನ್ನು ಮೇಲಕ್ಕೆ ಕಳಿಸುವವರು ಮತ್ತು ಪಕ್ಕಕ್ಕೆ ಸರಿಸುವವರು. ನಮ್ಮಪ್ಪನದು ಇವೆಲ್ಲಕ್ಕಿಂತ ಖಡಾಖಂಡಿತವಾದ ವಿಂಗಡಣೆ. ಅವರ ಪ್ರಕಾರ ಭೂಮಿಯ ಮೇಲಿರುವುದು ಹದ್ದುಗಳು ಮತ್ತು ಮರಳಿಲಿಗಳು, ಅಷ್ಟೇ. ಮರಳಿಲಿ ಎಂದರೆ ರಾಜಸ್ಥಾನದ ಮರಳುಗಾಡಿನಲ್ಲಿ ಬಿಲ ತೋಡಿಕೊಂಡಿರುವ ಪುಟ್ಟ ಇಲಿ. ಅಪ್ಪ ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದಾಗ ಒಂದಷ್ಟು ಕಾಲ ಅದರ ನೆರೆಹೊರೆಯಲ್ಲಿ ಬಾಳಿದವರು. ರಜೆಯಲ್ಲಿ ಹಾಸನಕ್ಕೆ ಬಂದಾಗ ಮನೆಗೆ ಯಾರಾದರೂ ಬಂದು ಕಾಫಿ ಕುಡಿದು ಹೊರಟರೆ, ಅವರ ಹಿಂದೆಯೇ ಬಾಗಿಲು ಹಾಕಿ, "ಹದ್ದು" ಎಂದೋ "ಮರಳಿಲಿ" ಎಂದೋ ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಿದ್ದರು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ನನ್ನ ತೀರ್ಪು ಏಳನೇ ವಯಸ್ಸಿಗೇ ಬಂದುಬಿಟ್ಟಿತು. ನಾನೂ ಅಣ್ಣನೂ ಪಕ್ಕದ ಮನೆಯ ಸೀಬೆ ಮರಕ್ಕೆ ಕನ್ನ ಹಾಕಿದ್ದೆವು. ಅಣ್ಣ ಕೊಂಬೆಯ ಮೇಲೆ ಕೂತು ಎಲ್ಲರಿಗೂ ಕಾಣುವಂತೆ ತಿಂದು, ಬೈಸಿಕೊಂಡು, ಬಾಯಿ ಒರೆಸಿಕೊಂಡು ಇಳಿದು ಬಂದ. ನಾನು ನನ್ನ ಪಾಲಿನ ಮೂರು ಕಾಯನ್ನು ಸ್ಕೂಲ್ ಬ್ಯಾಗಿನ ತಳದಲ್ಲಿ, ಭೂಗೋಳದ ಪುಸ್ತಕದ ಕೆಳಗೆ ಬಚ್ಚಿಟ್ಟೆ. ಯಾವತ್ತೋ ಒಂದು ದಿನ ಬೇಕಾದೀತು ಎಂದು. ವಾರದ ಮೇಲೆ ಬ್ಯಾಗಿನಿಂದ ಹೊರಟ ವಾಸನೆಯ ಜಾಡು ಹಿಡಿದು ಅಪ್ಪ ಅದನ್ನು ಪತ್ತೆಹಚ್ಚಿದರು. ಹೊಡೆಯಲಿಲ್ಲ. ಅಮ್ಮನ ಕಡೆ ತಿರುಗಿ, "ದೊಡ್ಡೋನು ಹದ್ದು ಕಣೇ. ಇವನು ಮರಳಿಲಿ" ಅಂದರು. ಹೊಡೆದಿದ್ದರೇ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ವರ್ಷ ನನಗೆ ಅನ್ನಿಸಿದೆ.

ಅಪ್ಪ ಹೇಳಿದ್ದು ಸುಳ್ಳಾಗಲಿ ಎಂದು ನಾನು ಪ್ರಯತ್ನ ಪಡದೆ ಇರಲಿಲ್ಲ. ಆದರೆ ನೋಡಿ, ಅಣ್ಣ ಏರ್‌ಫೋರ್ಸ್ ಸೇರಿದ. ಇಪ್ಪತ್ತು ವರ್ಷ ವಿಮಾನದ ಹೊಟ್ಟೆಯ ಕೆಳಗೆ ಸ್ಪಾನರ್ ಹಿಡಿದು ಮಲಗಿದನೇ ಹೊರತು ಒಮ್ಮೆಯೂ ಹಾರಿಸಲಿಲ್ಲ, ಆದರೂ ಹದ್ದು ಹದ್ದೇ ಎಂದು ಅಪ್ಪ ಮೀಸೆ ತಿರುವಿದರು. ನಾನು ದೆಹಲಿಗೆ ಬಂದು ಒಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದೇನೆ. ನನ್ನ ಮೇಜಿನ ಡ್ರಾಯರಿನಲ್ಲಿ ಬಿಸ್ಕತ್ತು, ಜ್ವರದ ಮಾತ್ರೆ, ಒಂದು ಛತ್ರಿ, ಸೂಜಿ-ದಾರ ಮತ್ತು ನನ್ನ ಎಲ್ಲ ದಾಖಲೆಗಳ ಜೆರಾಕ್ಸಿನ ಜೆರಾಕ್ಸ್ ಇವೆ. ಮೀಟಿಂಗಿನಲ್ಲಿ ಬಾಗಿಲ ಪಕ್ಕದ ಕುರ್ಚಿಯೇ ಆಗಬೇಕು. ಮೆಟ್ರೋ ನಿಲ್ದಾಣಕ್ಕೆ ಇಳಿದ ಕೂಡಲೇ ರೈಲು ಎಲ್ಲಿ ಎಂದು ನೋಡುವ ಮೊದಲು ಹೊರಗೆ ಹೋಗುವ ದಾರಿ ಎಷ್ಟಿವೆ ಎಂದು ನೋಡುತ್ತೇನೆ. ದೆಹಲಿಯ ಪಕ್ಕದ ಇಂದಿರಾಪುರಂನಲ್ಲಿ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಲಿಫ್ಟ್ ಕೆಟ್ಟಾಗ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಅಧ್ಯಕ್ಷರ ಮೇಲೆ ಹರಿಹಾಯುತ್ತಾರೆ. ನಾನು ಕೈಮುಗಿದ ಒಂದು ಚಿತ್ರ ಹಾಕಿ ಒಂಬತ್ತು ಮಹಡಿ ಹತ್ತುತ್ತೇನೆ. ಅದು ಯಾರಿಗೆ ಮುಗಿದದ್ದು, ಯಾಕೆ ಮುಗಿದದ್ದು ಎಂದು ಯಾರಿಗೂ ಗೊತ್ತಾಗುವುದಿಲ್ಲ. "ಮಾವ ಸರಿಯಾಗೇ ಹೇಳಿದ್ರು" ಎಂದು ನನ್ನ ಹೆಂಡತಿ ಪ್ರಮೀಳಾ ಆಗಾಗ ಅನ್ನುತ್ತಾಳೆ.

ಈ ಹದ್ದು-ಮರಳಿಲಿ ಶಾಸ್ತ್ರದ ಮೂಲದಲ್ಲಿ ಒಂದು ಕಥೆ ಇದೆ. ಅಪ್ಪ ಮರಳುಗಾಡಿನ ಒಂದು ಠಾಣೆಗೆ ನೀರಿನ ಟ್ಯಾಂಕರ್ ಓಡಿಸುತ್ತಿದ್ದರು. ಠಾಣೆಯ ಮುಂದೆ ಒಂದು ಟೆಲಿಫೋನ್ ಕಂಬ, ಅದರ ತುದಿಯಲ್ಲಿ ಒಂದು ಹದ್ದು. ಕೊಕ್ಕು ಬಾಗಿದ ಹಕ್ಕಿಗಳನ್ನೆಲ್ಲ ಅಪ್ಪ ಹದ್ದು ಎಂದೇ ಕರೆಯುತ್ತಿದ್ದರು, ಬಲ್ಲವರು ಕ್ಷಮಿಸಬೇಕು. ಕಂಬದಿಂದ ಐವತ್ತು ಹೆಜ್ಜೆ ದೂರದ ಜಾಲಿ ಪೊದೆಯ ಬುಡದಲ್ಲಿ ಒಂದು ಮರಳಿಲಿಯ ಬಿಲ. ಅದಕ್ಕೆ ಬಾಗಿಲು ಒಂದಲ್ಲ, ಏಳೆಂಟು. ಬೆಳಿಗ್ಗೆ ಬಿಸಿಲು ಏರುವ ಮೊದಲು ಇಲಿ ಯಾವುದೋ ಒಂದು ಬಾಗಿಲಲ್ಲಿ ತಲೆ ಹಾಕಿ, ಹಿಂಗಾಲ ಮೇಲೆ ನಿಂತು, ಮುಂಗಾಲು ಎದೆಗೆ ಒತ್ತಿಕೊಂಡು ಸುತ್ತ ನೋಡುತ್ತಿತ್ತಂತೆ. ಕಂಬದ ಮೇಲಿಂದ ಹದ್ದು ಅದನ್ನು ನೋಡುತ್ತಿತ್ತಂತೆ. ಟ್ಯಾಂಕರಿನಲ್ಲಿ ಕೂತು ಅಪ್ಪ ಎರಡನ್ನೂ ನೋಡುತ್ತಿದ್ದರಂತೆ. "ಆ ಇಲಿ ನೀರೇ ಕುಡಿಯಲ್ಲ ಕಣ್ರೋ. ಬೀಜ, ಬೇರು ತಿಂದು ಅದರಲ್ಲಿರೋ ಪಸೆಯಲ್ಲೇ ಬದುಕುತ್ತೆ. ನಾನು ಸಾವಿರಾರು ಲೀಟರ್ ನೀರು ತಂದು ಅದರ ಮುಂದೆ ನಿಲ್ಲಿಸಿದ್ರೂ ತಿರುಗಿ ನೋಡ್ತಿರಲಿಲ್ಲ" ಎಂದು ಅಪ್ಪ ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಅವಮಾನ, ತುಂಬಾ ಮೆಚ್ಚುಗೆ. ಡ್ರೈವರುಗಳಲ್ಲೇ ಎರಡು ಪಾರ್ಟಿಯಾಗಿ, ಹದ್ದು ಹಿಡಿಯುತ್ತದೆ ಎನ್ನುವವರು ಒಂದು ಕಡೆ, ಇಲಿ ತಪ್ಪಿಸಿಕೊಳ್ಳುತ್ತದೆ ಎನ್ನುವವರು ಇನ್ನೊಂದು ಕಡೆ. ಸೋತವರು ಗೆದ್ದವರಿಗೆ ಚಹಾ ಮಾಡಿಕೊಡಬೇಕು. ಹದ್ದು ಎಷ್ಟು ಸಲ ಎರಗಿತು, ಇಲಿ ಎಷ್ಟು ಸಲ ಮಾಯವಾಯಿತು ಎಂದು ಅಪ್ಪ ಕೈಯಲ್ಲೇ ಅಭಿನಯ ಮಾಡಿ ತೋರಿಸುತ್ತಿದ್ದರು. ನಾವು ಉಸಿರು ಬಿಗಿಹಿಡಿದು, "ಕೊನೆಗೆ ಯಾರು ಗೆದ್ರು?" ಎಂದರೆ, "ಅಷ್ಟರಲ್ಲಿ ನನಗೆ ಬೇರೆ ಕಡೆ ವರ್ಗ ಆಯ್ತು" ಎಂದು ಎದ್ದುಹೋಗುತ್ತಿದ್ದರು. ಪ್ರತಿ ರಜೆಯಲ್ಲೂ ಇದೇ. ಹದ್ದು ಗೆದ್ದಿತು ಎಂದು ಅಣ್ಣ, ಇಲಿ ಗೆದ್ದಿತು ಎಂದು ನಾನು, ಜುಟ್ಟು ಹಿಡಿದು ಬಡಿದಾಡಿದ್ದೇವೆ. ಇಬ್ಬರಿಗೂ ತಲೆಯಲ್ಲಿ ಜುಟ್ಟು ಹೋಗಿ ಬೋಳು ಕಾಣಿಸಿಕೊಂಡರೂ ಆ ವಾದ ಮಾತ್ರ ಮುಗಿದಿರಲಿಲ್ಲ.

ಅಪ್ಪ ಹೋದ ವರ್ಷ ತೀರಿಕೊಂಡರು. ಅಮ್ಮ ಕಣ್ಣಿನ ಆಪರೇಷನ್ನಿಗೆಂದು ನಮ್ಮ ಮನೆಗೆ ಬಂದವರು ಮೊಮ್ಮಗಳ ಜೊತೆ ಹೊಂದಿಕೊಂಡು ಇಲ್ಲೇ ಉಳಿದರು. ಅಷ್ಟರಲ್ಲಿ ಪಿತೃಪಕ್ಷ ಬಂತು. ನಮ್ಮ ಕಡೆ ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುತ್ತೇವೆ. ಬದುಕಿದ್ದಾಗ ಅವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಮಾಡಿ, ಬಾಳೆಲೆಯ ಮೇಲೆ ಬಡಿಸಿ, ಹೊಸ ಪಂಚೆ ಇಟ್ಟು, ಧೂಪ ಹಾಕಿ, ಅವರು ಸಂಕೋಚವಿಲ್ಲದೆ ಉಣ್ಣಲಿ ಎಂದು ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುವುದು. ಆಮೇಲೆ ಎಲ್ಲದರಲ್ಲೂ ಒಂದೊಂದು ತುತ್ತು ತೆಗೆದು ಮನೆಯ ಮೇಲೆ ಕಾಗೆಗೆ ಇಡುವುದು. ಹಿರಿಯರು ಕಾಗೆಯಾಗಿ ಬಂದು ಮುಟ್ಟಿದ ಮೇಲೆ ಮನೆಯವರ ಊಟ. ಅಣ್ಣ ಹಾಸನದಲ್ಲಿ ಎಡೆ ಇಡುತ್ತೇನೆ ಎಂದರೂ ಅಮ್ಮ ಒಪ್ಪಲಿಲ್ಲ. "ಅವನು ಅವನ ಮನೇಲಿ ಇಡ್ಲಿ. ನಾನಿರೋ ಕಡೆಗೂ ನಿಮ್ಮಪ್ಪ ಬಂದೇ ಬರ್ತಾರೆ" ಅಂದರು. ಅಮಾವಾಸ್ಯೆ ಭಾನುವಾರವೇ ಬಿದ್ದದ್ದರಿಂದ ರಜೆ ಕೇಳುವ ಕಷ್ಟವೂ ಇರಲಿಲ್ಲ.

ಶನಿವಾರವೇ ಮೆಟ್ರೋ ಹಿಡಿದು ಆರ್.ಕೆ.ಪುರಂಗೆ ಹೋಗಿ ನಮ್ಮ ಕಡೆಯ ಸಾಮಾನಿನ ಅಂಗಡಿಯಿಂದ ಬಾಳೆಲೆ, ರಾಗಿಹಿಟ್ಟು, ವೀಳ್ಯದೆಲೆ ತಂದೆ. ತೊಡಕು ಬಂದದ್ದು ಮಟನ್ನಿಗೆ. ಅಪ್ಪನಿಗೆ ಚಾಪ್ಸ್ ಎಂದರೆ ಪ್ರಾಣ, ಅದಿಲ್ಲದ ಎಡೆ ಎಡೆಯೇ ಅಲ್ಲ. ಆದರೆ ಈ ಸೀಮೆಯಲ್ಲಿ ಪಿತೃಪಕ್ಷದ ಹದಿನೈದು ದಿನ ಹಿರಿಯರ ಹೆಸರಿನಲ್ಲಿ ಮಾಂಸ ಮುಟ್ಟುವುದಿಲ್ಲ, ಎಷ್ಟೋ ಮನೆಗಳಲ್ಲಿ ಈರುಳ್ಳಿಯನ್ನೂ ಹೆಚ್ಚುವುದಿಲ್ಲ. ಮಾಂಸದಂಗಡಿಯ ಭಯ್ಯಾ ಗಿರಾಕಿಯಿಲ್ಲದೆ ನೊಣ ಓಡಿಸುತ್ತಾ ಕೂತಿದ್ದವನು, ನಾನು ಕೇಳಿದ್ದು ಕೇಳಿ, "ಶ್ರಾದ್ಧ್ ಮೇಂ? ಪಕ್ಕಾ?" ಎಂದು ಎರಡು ಸಲ ವಿಚಾರಿಸಿದ. "ನಮ್ಮ ಹಿರಿಯರಿಗೆ ಇದೇ ಬೇಕು" ಎಂದೆ. ಅವನಿಗೆ ನಮ್ಮ ಹಿರಿಯರ ಮೇಲೆ ಬಹಳ ಗೌರವ ಬಂದು ಒಳ್ಳೊಳ್ಳೆಯ ತುಂಡುಗಳನ್ನೇ ಆರಿಸಿ ಕೊಟ್ಟ. ಅದನ್ನು ಎರಡು ಚೀಲದೊಳಗೆ ಹಾಕಿ, ಮೇಲೆ ಕೊತ್ತಂಬರಿ ಸೊಪ್ಪು ಮುಚ್ಚಿ, ಲಿಫ್ಟಿನಲ್ಲಿ ಎಲ್ಲರಿಗೂ ಬೆನ್ನು ಹಾಕಿ ನಿಂತು ಮನೆಗೆ ಸಾಗಿಸಿದೆ.

ಎಡೆ ಚೆನ್ನಾಗಿಯೇ ನಡೆಯಿತು. ಚಾಪ್ಸ್, ಕೈಮಾ ಉಂಡೆ ಸಾರು, ಮುದ್ದೆ, ಕಜ್ಜಾಯ, ಮಿಲಿಟರಿ ಕ್ಯಾಂಟೀನಿನ ರಮ್ಮು ಒಂದು ಲೋಟ. ಹನ್ನೆರಡು ಗಂಟೆಗೆ ಕಾಗೆಯ ಪಾಲನ್ನು ಎಲೆಯ ತುಂಡಿನಲ್ಲಿ ಇಟ್ಟುಕೊಂಡು ನಾನು, ಪ್ರಮೀಳಾ, ಹದಿನಾಲ್ಕು ವರ್ಷದ ಮಗಳು ಮಿಂಚು, ಅಮ್ಮ, ಎಲ್ಲರೂ ಲಿಫ್ಟಿನಲ್ಲಿ ಟೆರೇಸಿಗೆ ಹೋದೆವು. ಅಮ್ಮನಿಗೆ ನೀರಿನ ತೊಟ್ಟಿಯ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದೆ. ಎಲೆಯನ್ನು ಕಟ್ಟೆಯ ಮೇಲಿಟ್ಟು, "ಕಾ, ಕಾ" ಎಂದು ಕರೆದೆ. ಹದಿನಾಲ್ಕನೇ ಮಹಡಿಯ ಮೇಲೆ ನಿಂತು ಹೀಗೆ ಕೂಗುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಕಾಗೆ ಬರಲಿಲ್ಲ. ಅಣ್ಣ ಫೋನ್ ಮಾಡಿ, "ಇಲ್ಲಿ ಐದೇ ನಿಮಿಷಕ್ಕೆ ಬಂತು, ಮೊದಲು ಚಾಪ್ಸಿಗೇ ಬಾಯಿ ಹಾಕ್ತು. ಅಲ್ಲಿ ಬಂತಾ?" ಅಂದ. "ಬರ್ತಾ ಇದೆ" ಎಂದು ಇಟ್ಟುಬಿಟ್ಟೆ. ಹನ್ನೆರಡೂಮುಕ್ಕಾಲು ಆಯಿತು. ಒಂದು ಗಂಟೆ ಆಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಅಮ್ಮನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿ ಒಂದು ಲೋಟ ಕಾಫಿ ಕುಡಿದದ್ದು ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮಾತ್ರೆ ನುಂಗಿ ಊಟ ಮಾಡದಿದ್ದರೆ ಏನಾಗುತ್ತದೆ ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು. "ಅಮ್ಮಾ, ನೀನು ಊಟ ಮಾಡು. ಕಾಗೆಯನ್ನ ನಾನು ನೋಡ್ಕೋತೀನಿ" ಎಂದೆ. "ನಿಮ್ಮಪ್ಪ ಉಣ್ಣದೆ ನಾನು ಯಾವತ್ತು ಉಂಡಿದ್ದೀನಿ?" ಅಂದರು. ಅಪ್ಪ ವರ್ಷದಲ್ಲಿ ಹನ್ನೊಂದು ತಿಂಗಳು ಮನೆಯಲ್ಲೇ ಇರುತ್ತಿರಲಿಲ್ಲ ಎಂದು ನೆನಪಿಸುವ ಸಮಯ ಅದಾಗಿರಲಿಲ್ಲ.

ಟೆರೇಸಿನ ಇನ್ನೊಂದು ಮೂಲೆಯಲ್ಲಿ ನಮ್ಮ ಸೊಸೈಟಿಯ ಅಧ್ಯಕ್ಷ ತ್ಯಾಗಿ ಜೀ ನಿಂತಿದ್ದರು. ಟೆರೇಸಿನ ಮೇಲೆ ಯಾರೂ ಏನನ್ನೂ ಇಡಕೂಡದು ಎಂದು ಬಾಗಿಲಿಗೆ ಅಂಟಿಸಿರುವ ನೋಟೀಸಿನ ಕೆಳಗೆ ಸಹಿ ಅವರದೇ. ಅವರೂ ತಮ್ಮ ತಂದೆಯ ಹೆಸರಿನಲ್ಲಿ ಖೀರು-ಪೂರಿ ಇಟ್ಟು ಕಾಗೆಗೆ ಕಾಯುತ್ತಿದ್ದರು. ಮೊದಲು ನನ್ನ ಕಡೆ ನೋಡಿ ಸಂಕೋಚದಿಂದ ನಕ್ಕರು. ಆಮೇಲೆ ಗಾಳಿ ಈ ಕಡೆಯಿಂದ ಆ ಕಡೆಗೆ ಬೀಸಿತು. ಅವರ ಮೂಗು ಅರಳಿತು. ಹತ್ತಿರ ಬಂದು ಎಲೆಯನ್ನು ಬಗ್ಗಿ ನೋಡಿದರು. "ಗೌಡಾ ಜೀ, ಯೇ ಕ್ಯಾ ಹೈ?" ನಾನು ಯಥಾಪ್ರಕಾರ ಕೈಮುಗಿದೆ. "ನೀವು ಮಾಂಸ ಇಟ್ಟಿದ್ದಕ್ಕೇ ಇಷ್ಟೊಂದು ಚೀಲ್ ಸುತ್ತುತ್ತಿವೆ, ಅದಕ್ಕೇ ನನ್ನ ಕಾಗೆಯೂ ಹೆದರಿ ಬರುತ್ತಿಲ್ಲ" ಎಂದು ಹಿಂದಿಯಲ್ಲಿ ರೇಗಿದರು. ಚೀಲ್ ಎಂದರೆ ಹದ್ದು. ತಲೆಯೆತ್ತಿ ನೋಡಿದರೆ ನಿಜವೇ. ನಮ್ಮ ಬಡಾವಣೆಯಿಂದ ಸ್ವಲ್ಪ ದೂರದಲ್ಲಿ ಒಂದು ಕಸದ ಗುಡ್ಡ ಇದೆ. ಅದರ ಮೇಲೆ ದಿನವಿಡೀ ಹದ್ದುಗಳು ಸುತ್ತುತ್ತವೆ. ಅವುಗಳಲ್ಲಿ ಮೂವತ್ತು ನಲವತ್ತು ಅವತ್ತು ಗುಡ್ಡ ಬಿಟ್ಟು ನಮ್ಮ ತಲೆಯ ಮೇಲೆ ಬಂದಿದ್ದವು.

ನಾನು ಏನು ಉತ್ತರ ಕೊಡಲಿ ಎಂದು ಯೋಚಿಸುತ್ತಿರುವಾಗಲೇ ಕಿವಿಯ ಪಕ್ಕ ಏನೋ ಬರ್ರೆಂದು ಹೋಯಿತು. ಒಂದು ಹದ್ದು ಎರಗಿ, ಎಲೆಯ ಮೇಲಿದ್ದ ಚಾಪ್ಸಿನಲ್ಲಿ ದೊಡ್ಡ ತುಂಡನ್ನೇ ಉಗುರಿನಲ್ಲಿ ಎತ್ತಿಕೊಂಡು ಮೇಲಕ್ಕೆ ಏರಿತು. ನನಗಂತೂ ಹೋದ ಜೀವ ಬಂದಂತಾಯಿತು. "ಅಮ್ಮಾ, ಅಪ್ಪ ಬಂದ್ರು! ಏಳು, ಊಟಕ್ಕೆ ಹೋಗೋಣ" ಎಂದು ಕೂಗಿದೆ.

ಅಮ್ಮ ಕುರ್ಚಿಯಿಂದ ಏಳಲಿಲ್ಲ. "ಅದು ಹದ್ದು" ಅಂದರು. "ನಿಮ್ಮಪ್ಪ ಮರಳಿಲಿ."

ನನಗೆ ಅರ್ಥವಾಗಲಿಲ್ಲ. ಅಪ್ಪನೇ ಮರಳಿಲಿಯೇ? ಮೀಸೆ, ಯೂನಿಫಾರ್ಮು, ಗಂಟಲು ಎಲ್ಲ ಸೇರಿ ಅಪ್ಪ ಹದ್ದುಗಳಲ್ಲೇ ಹಿರಿಯ ಹದ್ದು ಎಂದು ನಾನು ಐವತ್ತು ವರ್ಷ ನಂಬಿಕೊಂಡು ಬಂದಿದ್ದೆ. "ಅವರೇ ಹೇಳ್ತಿದ್ರಪ್ಪ" ಎಂದರು ಅಮ್ಮ. "ಊಟದ ಮಧ್ಯೆ ಒಂದು ತೊಟ್ಟು ನೀರು ಕುಡಿದೋರಲ್ಲ. ಮದುವೆಗೆ ಹೋದ್ರೆ ಬಾಗಿಲ ಹತ್ರಾನೇ ಕೂರಬೇಕು. ಮಂಚದ ಕೆಳಗಿನ ಟ್ರಂಕ್ ತೆಗೆದಾಗ ನೀನೇ ನೋಡ್ಲಿಲ್ವಾ? ಬೂಟಿನ ಲೇಸು, ಸೋಪು, ಸೂಜಿ-ದಾರ, ಸಕ್ಕರೆ ಪೊಟ್ಟಣ. ನಿನಗೆ ಮರಳಿಲಿ ಅಂತ ಹೆಸರಿಟ್ಟ ದಿನ, ಇವನು ನನ್ನ ಹಾಗೇ ಕಣೇ ಅಂತ ಎಷ್ಟು ಖುಷಿಪಟ್ಟಿದ್ರು ಗೊತ್ತಾ?"

ನನ್ನ ಆಫೀಸಿನ ಡ್ರಾಯರು ಕಣ್ಣ ಮುಂದೆ ಬಂತು. ಇಷ್ಟು ವರ್ಷ ಯಾವುದನ್ನು ಬೈಗುಳ ಎಂದುಕೊಂಡು ಒಳಗೊಳಗೇ ಕೊರಗಿದ್ದೆನೋ ಅದು ಹಾಗಾಗಿರಲಿಲ್ಲ ಎಂದು ತಿಳಿದರೆ ಯಾರಿಗಾದರೂ ಕುಣಿಯುವಷ್ಟು ಸಂತೋಷವಾಗಬೇಕು. ನನಗೂ ಆಯಿತು. ಆದರೆ ಕುಣಿಯುವ ಹಾಗಿರಲಿಲ್ಲ. ಅಪ್ಪ ಮರಳಿಲಿಯಾದರೆ ನಾನು ಅಪ್ಪನ ಮಗ, ಅಮ್ಮ ಉಪವಾಸ. ಅಪ್ಪ ಹದ್ದಾದರೆ ಅಮ್ಮನಿಗೆ ಊಟ, ಅಪ್ಪ ಅಣ್ಣನ ಪಾಲು. ಇಂಥ ಇಕ್ಕಟ್ಟು ನನ್ನ ಹಗೆಗೂ ಬೇಡ. ಅಮ್ಮನ ಹಣೆಯ ಮೇಲೆ ಬೆವರು ಮೂಡಿತ್ತು. ನಾನು ಮನಸ್ಸು ಗಟ್ಟಿ ಮಾಡಿಕೊಂಡು ಹದ್ದಿನ ಪಕ್ಷಕ್ಕೆ ಸೇರಿದೆ.

"ಅಮ್ಮಾ, ಅಪ್ಪನ ಕಣ್ಣು ಎಂಥದ್ದು! ಮೈಲಿ ದೂರದಲ್ಲಿ ಒಂಟೆ ರಸ್ತೆಗೆ ಬಂದ್ರೂ ಟ್ಯಾಂಕರಿನಿಂದ ಕಾಣ್ತಿತ್ತಂತೆ. ಇಲಿಗೆ ಕಾಣುತ್ತಾ?" ಎಂದೆ. "ಕನ್ನಡಕ ಹಣೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕ್ತಿದ್ರು" ಅಂದರು ಅಮ್ಮ. "ಹದ್ದಿನ ಹಾಗೆ ದೇಶವೆಲ್ಲ ಸುತ್ತಿದ್ರು" ಎಂದೆ. "ಸುತ್ತಿದ್ದು ಸರ್ಕಾರ ಕಳಿಸ್ತು ಅಂತ. ರಿಟೈರ್ ಆದ್ಮೇಲೆ ಗೇಟು ದಾಟಿಸೋಕೆ ನಾನು ಪಟ್ಟ ಪಾಡು ನನಗೆ ಗೊತ್ತು." ಅಮ್ಮನಿಗೆ ಕೈ ನಡುಗುತ್ತಿತ್ತು, ವಾದ ಮಾತ್ರ ನಡುಗುತ್ತಿರಲಿಲ್ಲ. ಅಷ್ಟರಲ್ಲಿ ಮಿಂಚು ಮೇಲೆ ಕೈ ತೋರಿಸಿ, "ಅಜ್ಜಿ, ದೇಖೋ ನಾ! ಅದು ಉಡ್ತೇ ಉಡ್ತೇ ತಿಂತಿದೆ. ಕಾಲಲ್ಲಿ ಹಿಡ್ಕೊಂಡು. ತಾತನೂ ಡ್ರೈವ್ ಮಾಡ್ತಾ ಮಾಡ್ತಾ ರೊಟ್ಟಿ ತಿಂತಿದ್ರು ಅಂತ ನೀವೇ ಹೇಳಿದ್ರಿ, ಹೈ ನಾ?" ಅಂದಳು. ನಿಜವಾಗಿಯೂ ಆ ಹದ್ದು ರೆಕ್ಕೆ ಚಾಚಿ ತೇಲುತ್ತಲೇ, ಕಾಲನ್ನು ಕೊಕ್ಕಿನ ಹತ್ತಿರಕ್ಕೆ ತಂದು ಚಾಪ್ಸ್ ಕೀಳುತ್ತಿತ್ತು. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಕೋರ್ಟಿಗೆ ಬೇಕು ಎಂದುಕೊಂಡೆ. ಅಮ್ಮ ಒಂದು ಕ್ಷಣ ನೋಡಿದರು. "ತಿಂತಿದ್ರು. ಆದ್ರೆ ಯಾರಿಂದಾನೂ ಕಿತ್ಕೊಂಡು ತಿಂತಿರಲಿಲ್ಲ" ಅಂದರು.

ಪ್ರಮೀಳಾ ಕೆಳಗೆ ಓಡಿಹೋಗಿ ಗ್ಲೂಕೋಸ್ ಕಲಸಿ ತಂದಳು. "ಅತ್ತೆ, ಇದು ಊಟ ಅಲ್ಲ, ಔಷಧಿ" ಎಂದಳು. ಅಮ್ಮ ಬಾಯಿ ಬಿಗಿಹಿಡಿದು ತಲೆಯಾಡಿಸಿದರು. ನನಗೆ ನಿಜ ಹೇಳಬೇಕೆಂದರೆ ಭಯವಾಯಿತು. ಒಬ್ಬರನ್ನು ಕಳೆದುಕೊಂಡು ವರ್ಷ ಕಳೆದಿದೆಯಷ್ಟೇ. ಕಾಗೆಯೊಂದು ಬರಲಿಲ್ಲವೆಂದು ಇನ್ನೊಬ್ಬರನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗಬೇಕೆ ಎಂದು ಅಳು ಬಂದಿತು.

ಆಗ ಆ ಮೂಲೆಯಲ್ಲಿ ತ್ಯಾಗಿ ಜೀ "ಅರೇ ಅರೇ!" ಎಂದು ಕೂಗಿದರು. ಇನ್ನೊಂದು ಹದ್ದು ಅವರ ಪೂರಿಯನ್ನು ಹಾರಿಸಿಕೊಂಡು ಹೋಗಿತ್ತು. ನಮ್ಮ ಕೈಮಾ ಉಂಡೆ ತೆರೆದೇ ಇದ್ದರೂ ಅದಕ್ಕೆ ಸಾತ್ವಿಕ ಆಹಾರವೇ ಬೇಕೆನ್ನಿಸಿರಬೇಕು. ಅವರು ಅಲ್ಲಾಡದೆ ನಿಂತು ಸ್ವಲ್ಪ ಹೊತ್ತು ಆಕಾಶ ನೋಡಿ, ಆಮೇಲೆ ನಮ್ಮ ಕಡೆ ಬಂದರು. ಮುಖದಲ್ಲಿ ಮೊದಲಿನ ಸಿಟ್ಟಿರಲಿಲ್ಲ. "ಗೌಡಾ ಜೀ, ಚೀಲ್ ಕೂಡ ಗರುಡನ ವಂಶವೇ ತಾನೇ? ಗರುಡ ಎಂದರೆ ವಿಷ್ಣುವಿನ ವಾಹನ. ಕಾಗೆಗಿಂತ ಒಂದು ಮೆಟ್ಟಿಲು ಮೇಲೇ ಆಯಿತು" ಎಂದು ನನ್ನನ್ನು ಕೇಳಿದರು. ಅವರಿಗೆ ಯಾರಾದರೂ ಹೌದು ಎನ್ನಬೇಕಾಗಿತ್ತು. ನಾನು ಜೋರಾಗಿ ಹೌದು ಎಂದೆ. ಅವರು ಉತ್ಸಾಹದಿಂದ ಅಮ್ಮನಿಗೂ, "ಮಾತಾ ಜೀ, ಮಾನ್ ಲೀಜಿಯೇ" ಎಂದು ಕೈಮುಗಿದರು. ಒಪ್ಪಿಕೊಂಡುಬಿಡಿ ಅಂತಿದ್ದಾರೆ ಎಂದು ಮಿಂಚು ಅದನ್ನು ಕನ್ನಡಕ್ಕೆ ತಿರುಗಿಸಿದಳು. "ಅವರ ಮನೆ ಹಿರಿಯರು ಹೇಗೆ ಬರ್ತಾರೋ ಅವರಿಗೆ ಬಿಟ್ಟಿದ್ದು. ಅವರು ಊಟ ಮಾಡ್ಲಿ ಪಾಪ" ಅಂದರು ಅಮ್ಮ.

ಮಿಂಚು ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಅಜ್ಜಿಯ ಕೈ ಹಿಡಿದುಕೊಂಡಳು. "ಅಚ್ಛಾ ಅಜ್ಜಿ, ಆ ರಾಜಸ್ಥಾನದ ಸ್ಟೋರಿ. ಹದ್ದು ವರ್ಸಸ್ ಇಲಿ. ಕೊನೆಗೆ ಕೌನ್ ಜೀತಾ? ತಾತ ನಿಮಗೂ ಹೇಳ್ಲಿಲ್ವಾ?" ಎಂದಳು. ನಾನೂ ಅಣ್ಣನೂ ಅಪ್ಪನನ್ನು ನೂರು ಸಲ ಕೇಳಿದ್ದೆವು. ಅಮ್ಮನನ್ನು ಕೇಳಬಹುದು ಎಂದು ನಮಗೆ ಒಂದು ಸಲವೂ ಹೊಳೆದಿರಲಿಲ್ಲ.

"ಯಾರೂ ಗೆಲ್ಲಲಿಲ್ಲ" ಅಂದರು ಅಮ್ಮ. "ನಿಮ್ಮ ತಾತ ಮೋಸ ಮಾಡಿದ್ರು. ಹದ್ದು ಎರಗೋ ಹೊತ್ತಿಗೆ ಸರಿಯಾಗಿ ಟ್ಯಾಂಕರ್ ಹಾರ್ನ್ ಹೊಡೀತಿದ್ರಂತೆ. ಇಲಿ ಬಿಲಕ್ಕೆ ಹೋಗ್ಬಿಡ್ತಿತ್ತು. ಅದೆಷ್ಟು ದಿನ ಹೀಗೇ ನಡೀತೋ. ಆಮೇಲೆ ಅವರಿಗೇ ಪಾಪ ಅನ್ನಿಸ್ತಂತೆ, ನನ್ನಿಂದ ಆ ಹದ್ದು ಉಪವಾಸ ಬಿತ್ತಲ್ಲ ಅಂತ. ಮೆಸ್ಸಿನಲ್ಲಿ ಭಾನುವಾರ ಕೊಡೋ ಮಟನ್ನಲ್ಲಿ ತಮ್ಮ ಪಾಲಿನ ತುಂಡು ತೆಗೆದು ಟ್ಯಾಂಕರ್ ಬಾನೆಟ್ ಮೇಲಿಡೋರು. ಅದು ಬಂದು ತಗೊಂಡು ಹೋಗೋದು. ಜೊತೆಯೋರಿಗೆ ಗೊತ್ತಾಗಿ ಜಗಳ ಆಯ್ತು, ಹಾರ್ನ್ ಕೇಳಿ ಕೇಳಿ ಸಾಹೇಬ್ರಿಗೂ ತಲೆ ಕೆಟ್ಟಿತ್ತು. ವರ್ಗ ಆಗಿದ್ದು ಅದಕ್ಕೇ."

"ಇಷ್ಟು ವರ್ಷ ನಮಗ್ಯಾಕೆ ಹೇಳ್ಲಿಲ್ಲ?" ಎಂದೆ. ನನ್ನ ದನಿ ನನಗೇ ಕೀರಲು ಕೀರಲಾಗಿ ಕೇಳಿಸಿತು.

"ಹೇಳ್ಬೇಡ ಅಂದಿದ್ರು. ಕೊನೆ ಗೊತ್ತಾದ್ರೆ ಹುಡುಗ್ರು ಮರೆತುಬಿಡ್ತಾರೆ, ಗೊತ್ತಿಲ್ಲದಿದ್ರೆ ಜಗಳ ಆಡ್ಕೊಂಡಾದ್ರೂ ನನ್ನನ್ನ ನೆನೀತಾವೆ ಅಂದ್ರು. ವರ್ಷಕ್ಕೊಂದು ತಿಂಗಳು ಬರೋ ಅಪ್ಪ, ಇನ್ನೇನು ಮಾಡ್ತಾರೆ?"

ಅಮ್ಮ ನಿಧಾನವಾಗಿ ತಲೆಯೆತ್ತಿ, ಚಾಪ್ಸ್ ಮುಗಿಸಿ ಕಾಲು ಒದರಿಕೊಳ್ಳುತ್ತಿದ್ದ ಹದ್ದನ್ನು ಬಹಳ ಹೊತ್ತು ನೋಡಿದರು. ಕಣ್ಣಿನ ಆಪರೇಷನ್ ಆದ ಮೇಲೆ ಅವರು ಯಾವುದನ್ನೂ ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿರಲಿಲ್ಲ. "ಕಿತ್ಕೊಂಡು ಹೋಗಲಿಲ್ಲ ಬಿಡು ಅದು" ಎಂದರು ತಮಗೆ ತಾವೇ. "ಇಟ್ಟಿದ್ದನ್ನೇ ತಗೊಂಡು ಹೋಯ್ತು. ಅವರು ಇಟ್ಟು ಅಭ್ಯಾಸ ಮಾಡಿದ್ರು." ಆಮೇಲೆ ಸೊಸೆಯ ಕೈಯಿಂದ ಗ್ಲೂಕೋಸ್ ಲೋಟ ತೆಗೆದುಕೊಂಡು ಗಟಗಟ ಕುಡಿದರು. "ಇನ್ನೊಂದು ಚೂರು ಚಾಪ್ಸ್ ಎಲೆ ಮೇಲಿಡು, ಬೇರೇದಕ್ಕೂ ಸಿಗ್ಲಿ. ನಡೀರಿ, ಹಸಿವಾಗ್ತಿದೆ."

ಅಮ್ಮ ಅವತ್ತು ಒಂದು ಮುದ್ದೆ, ಎರಡು ಸಲ ಸಾರು ಹಾಕಿಸಿಕೊಂಡು ಉಂಡರು. ಬೆವರು ಆರಿತು, ಕೈ ನಡುಕ ನಿಂತಿತು, ಉಪ್ಪು ಸ್ವಲ್ಪ ಮುಂದಾಗಿದೆ ಎಂದು ಅಡುಗೆಯ ಮೇಲೆ ಟೀಕೆಯೂ ಶುರುವಾಯಿತು. ನನಗೆ ಇನ್ನೇನು ಬೇಕು? ಊಟದ ಮಧ್ಯೆ ಅಣ್ಣನ ಫೋನು ಬಂತು. "ಏನಾಯ್ತೋ, ಕಾಗೆ ಬಂತೋ ಇಲ್ವೋ?" ಹದ್ದಿನ ಕಥೆ ಹೇಳಿದರೆ ಇನ್ನು ಇಪ್ಪತ್ತು ವರ್ಷ ಆಡಿಕೊಳ್ಳುತ್ತಾನೆ ಎಂದು ನಾನು, "ಬಂತು. ಎರಡು ಬಂದ್ವು" ಎಂದುಬಿಟ್ಟೆ. ಅಮ್ಮ ಎಡಗೈ ಚಾಚಿ ಫೋನ್ ಈಸಿಕೊಂಡರು. "ಸುಳ್ಳು ಕಣೋ. ಇಲ್ಲಿ ಕಾಗೆಗೀಗೆ ಏನೂ ಬರಲಿಲ್ಲ. ನಿಮ್ಮಪ್ಪ ಸಾಕಿದ ಹದ್ದು ಬಂದಿತ್ತು" ಎಂದು ಶುರುಮಾಡಿ, ಹಾರ್ನಿನ ಕಥೆಯನ್ನೂ ಕೊನೆಯ ತನಕ ಹೇಳಿದರು. ಆ ಕಡೆಯಿಂದ ಅಣ್ಣ ಮೂಗು ಸೀಟುವ ಸದ್ದು ಕೇಳಿಸಿತು.

ಎಲೆ ತೆಗೆದು ಬರುತ್ತೇನೆ ಎಂದು ನೆಪ ಹೇಳಿ ನಾನು ಒಬ್ಬನೇ ಮತ್ತೆ ಟೆರೇಸಿಗೆ ಹೋದೆ. ಇಷ್ಟೆಲ್ಲ ವಾದ ಮಾಡಿ ಆ ಹದ್ದಿಗೆ ಒಂದು ನಮಸ್ಕಾರವನ್ನೂ ಹಾಕಿರಲಿಲ್ಲ. ಮೇಲೆ ನೋಡಿದರೆ ಮೂವತ್ತು ನಲವತ್ತು ಇವೆ, ಎಲ್ಲಕ್ಕೂ ಅದೇ ರೆಕ್ಕೆ, ಅದೇ ಬಾಲ. ಯಾವುದು ಎಂದು ಹೇಗೆ ಹೇಳುವುದು? ಒಂದು ಕಡೆಯಿಂದ ಒಂದೊಂದಕ್ಕೇ ಕೈಮುಗಿಯುತ್ತಾ ಬಂದೆ. ಅವು ಸುತ್ತುತ್ತಲೇ ಇದ್ದದ್ದರಿಂದ ಕೆಲವಕ್ಕೆ ಎರಡೆರಡು ಸಲ ಸಂದಿರಬೇಕು. ಅಷ್ಟರಲ್ಲಿ ಕಟ್ಟೆಯ ಮೇಲೆ ಕಪ್ಪಗೆ ಏನೋ ಬಂದು ಕೂತು ನನ್ನ ನೋಟಕ್ಕೆ ಅಡ್ಡವಾಯಿತು. "ಹುಶ್" ಎಂದು ಕೈ ಬೀಸಿದೆ. ಅದು ಎರಡಡಿ ಹಾರಿ ಪಕ್ಕದಲ್ಲಿ ಕೂತು, ಕತ್ತು ವಾರೆ ಮಾಡಿ ನನ್ನನ್ನೇ ನೋಡಿತು. ಕಾಗೆ. ನನ್ನ ಕೈ ಬೀಸಿದ ಹಾಗೇ ಗಾಳಿಯಲ್ಲಿ ನಿಂತುಹೋಯಿತು. ನಾನು ಮೆಲ್ಲಗೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಚಪ್ಪಲಿ ಬಿಟ್ಟು, ತಪ್ಪಾಯಿತು ಎಂದು ನಿಂತೆ. ಅದು ಎಲೆಯ ಹತ್ತಿರ ಕುಪ್ಪಳಿಸಿ ಬಂದು ಚಾಪ್ಸಿನ ಚೂರನ್ನು ಸಾವಧಾನವಾಗಿ ತಿಂದು, ಕಜ್ಜಾಯವನ್ನೂ ಮುಟ್ಟಿ, ಕೊಕ್ಕನ್ನು ಕಟ್ಟೆಗೆ ಉಜ್ಜಿಕೊಂಡು ಹಾರಿಹೋಯಿತು.

ಲಿಫ್ಟಿಗೂ ಕಾಯದೆ ಐದು ಮಹಡಿ ಮೆಟ್ಟಿಲಿಳಿದು ಓಡಿಬಂದೆ. ಅಮ್ಮ ಸೋಫಾದ ಮೇಲೆ ಕಾಲು ಚಾಚಿಕೊಂಡು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. "ಅಮ್ಮಾ, ಕಾಗೆ ಬಂತು! ಈಗ, ನನ್ನ ಕಣ್ಣೆದುರಿಗೇ!" ಎಂದೆ ಏದುಸಿರು ಬಿಡುತ್ತಾ. ಅಮ್ಮ ತಲೆಯೆತ್ತಿ ನನ್ನನ್ನು ಕರುಣೆಯಿಂದ ನೋಡಿದರು.

"ಇನ್ನೂ ಅದೇ ಸುಳ್ಳು ಹೇಳ್ತಿದ್ದೀಯಲ್ಲೋ" ಅಂದರು.